ನೀರಿನ ಜಾಡಿನಲ್ಲಿ ಹಳೆಯ ನಗರ: ವಾಳೂಜಿನಿಂದ ಎರಡು ದಿನದ ಪ್ರವಾಸ

ಕರ್ನಾಟಕದಿಂದ ಮಹಾರಾಷ್ಟ್ರದ ಎಲ್ಲೋರದ ಕಡೆ ಹೊರಡುವವರ ಪ್ರವಾಸಪಟ್ಟಿ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಶಿರಡಿ, ಶನಿ ಶಿಂಗಣಾಪುರ, ಘೃಷ್ಣೇಶ್ವರ, ಎಲ್ಲೋರ, ಸಮಯ ಮಿಕ್ಕರೆ ಅಜಂತಾ. 2023ರವರೆಗೆ ಔರಂಗಾಬಾದ್ ಎಂಬ ಹೆಸರಿದ್ದ ಛತ್ರಪತಿ ಸಂಭಾಜಿನಗರ ಈ ಪಟ್ಟಿಯಲ್ಲಿ ರಾತ್ರಿ ತಂಗುವ ಊರಾಗಿ ಮಾತ್ರ ಬರುತ್ತದೆ. ನಗರದಿಂದ ಸುಮಾರು 15 ಕಿ.ಮೀ. ದೂರದಲ್ಲಿ, ಪುಣೆ ರಸ್ತೆಯ ಮೇಲಿರುವ ವಾಳೂಜಿನ ಕೈಗಾರಿಕಾ ವಲಯಕ್ಕೆ ಕೆಲಸದ ಮೇಲೆ ಬರುವವರದೂ ಇದೇ ಕಥೆ. 1985ರಲ್ಲಿ ಬಜಾಜ್ ಆಟೋ ಕಾರ್ಖಾನೆ ಶುರುವಾದ ಮೇಲೆ ಬೆಳೆದ ಈ ವಲಯಕ್ಕೆ ಯಂತ್ರ ಕೂರಿಸಲು, ತರಬೇತಿಗೆ, ಬಿಡಿಭಾಗಗಳ ವ್ಯವಹಾರಕ್ಕೆ ಎಂದು ದೇಶದ ಎಲ್ಲ ಕಡೆಯಿಂದ ಜನ ಬರುತ್ತಾರೆ. ರಜೆಯ ದಿನ ಸಿಕ್ಕರೆ ಎಲ್ಲೋರಕ್ಕೆ ಹೋಗಿ ಬಂದು, ನಗರ ನೋಡಿದ್ದಾಯಿತು ಎಂದುಕೊಳ್ಳುತ್ತಾರೆ. ಈ ಲೇಖನ ಅಂಥವರಿಗಾಗಿ. ಮಧ್ಯಕಾಲದ ಕೋಟೆ, ಅಗಸೆ, ದರ್ಗಾ, ಪೇಟೆಗಳು ಇನ್ನೂ ಉಳಿದಿರುವ ಈ ನಗರವನ್ನು ಎರಡು ದಿನದಲ್ಲಿ ಅರ್ಥವಾಗುವಂತೆ ನೋಡಬಹುದು. ಅದಕ್ಕೆ ಒಂದು ಕ್ರಮ ಬೇಕು. ಕಟ್ಟಡಗಳ ಪಟ್ಟಿ ಹಿಡಿದು ಹೊರಡುವ ಬದಲು ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಕೇಳುತ್ತ ಹೋಗಬೇಕು ಎಂಬುದು ನನ್ನ ವಾದ. ದಖ್ಖನಿನ ಹಳೆಯ ನಗರಗಳು ಏಕೆ ಹುಟ್ಟಿದವು, ಏಕೆ ಜಾಗ ಬದಲಿಸಿದವು, ಏಕೆ ಉಳಿದವು ಎಂಬ ಪ್ರಶ್ನೆಗಳಿಗೆ ಗುಮ್ಮಟ, ಮಿನಾರುಗಳಿಗಿಂತ ನೀರಿನ ದಾರಿಗಳೇ ಹೆಚ್ಚು ಸ್ಪಷ್ಟವಾಗಿ ಉತ್ತರ ಕೊಡುತ್ತವೆ.

ಈ ವಾದ ಪಕ್ಕಕ್ಕಿಟ್ಟು ನೋಡಿದರೂ ಇಲ್ಲಿಗೆ ಬರಲು ಕನ್ನಡ ಓದುಗನಿಗೆ ಬೇರೆಯದೇ ಆದ ಕಾರಣಗಳಿವೆ. ಎಲ್ಲೋರದ ಕೈಲಾಸನಾಥ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಕಡೆಸಿದವನು ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣ. ಅದರ ವಿನ್ಯಾಸಕ್ಕೂ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಗೂ ಇರುವ ಹೋಲಿಕೆಯನ್ನು ಕಲಾ ಇತಿಹಾಸಕಾರರು ಮತ್ತೆ ಮತ್ತೆ ಗುರುತಿಸಿದ್ದಾರೆ. ದೇವಗಿರಿಯ, ಎಂದರೆ ಇಂದಿನ ದೌಲತಾಬಾದಿನ, ಸೇವುಣರು ಸೊರಟೂರಿನಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನೊಡನೆ ಕಾದಿದವರು. ಉತ್ತರ ಕರ್ನಾಟಕದ ತುಂಬ ಅವರ ಕನ್ನಡ ಶಾಸನಗಳಿವೆ. ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿ ರಾಜ್ಯ 1347ರಲ್ಲಿ ಹುಟ್ಟಿದ್ದು ದೌಲತಾಬಾದಿನಲ್ಲಿ. ಕಲಬುರಗಿಯ ಖ್ವಾಜಾ ಬಂದೇ ನವಾಜರ ತಂದೆಯ ಸಮಾಧಿ ಇರುವುದು ಪಕ್ಕದ ಖುಲ್ದಾಬಾದಿನಲ್ಲಿ. ಇತ್ತೀಚಿನ ಕಾಲಕ್ಕೆ ಬಂದರೆ, ಬೀದರ, ಕಲಬುರಗಿ, ರಾಯಚೂರುಗಳಂತೆ ಈ ಊರೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆದ್ದರಿಂದಲೇ ಸೆಪ್ಟೆಂಬರ್ 17 ನಮ್ಮ ಕಲ್ಯಾಣ ಕರ್ನಾಟಕದಲ್ಲೂ ಮರಾಠವಾಡದಲ್ಲೂ ವಿಮೋಚನೆಯ ದಿನ. ಕಲಬುರಗಿಯವರೋ ಬೀದರಿನವರೋ ಇಲ್ಲಿಯ ಪೇಟೆಯಲ್ಲಿ ನಿಂತು ತಮ್ಮ ಊರಿನ ದಖನಿ ಮಾತಿನಲ್ಲೇ ದಾರಿ ಕೇಳಬಹುದು.

ಮೊದಲ ದಿನ: ಬೆಟ್ಟದ ನಗರ

ಮೊದಲ ದಿನವನ್ನು ದೌಲತಾಬಾದಿನಿಂದ ಆರಂಭಿಸಿ. ಇದು ನಗರದಿಂದ ಎಲ್ಲೋರಕ್ಕೆ ಹೋಗುವ ದಾರಿಯಲ್ಲಿ ಸುಮಾರು 15 ಕಿ.ಮೀ. ದೂರದಲ್ಲಿದೆ. ವಾಳೂಜಿನಿಂದ ಬಾಡಿಗೆ ಕಾರು ಮಾಡಿಕೊಂಡರೆ ದೌಲತಾಬಾದ್, ಖುಲ್ದಾಬಾದ್, ಎಲ್ಲೋರ ಮೂರೂ ಒಂದೇ ದಿನದಲ್ಲಿ ಆಗುತ್ತವೆ. ಬಸ್ಸಿನಲ್ಲಿ ಹೋಗುವವರು ನಗರದ ಕೇಂದ್ರ ಬಸ್ ನಿಲ್ದಾಣಕ್ಕೆ ಬಂದು ವೇರೂಳ ಕಡೆಯ ಬಸ್ ಹಿಡಿಯಬೇಕು. ಎಲ್ಲೋರಕ್ಕೆ ಊರವರ ಬಾಯಲ್ಲಿ ವೇರೂಳ ಎಂದೇ ಹೆಸರು. ಮಂಗಳವಾರ ಎಲ್ಲೋರದ ಗುಹೆಗಳಿಗೂ ಸೋಮವಾರ ಅಜಂತಾಕ್ಕೂ ರಜೆ ಎಂಬುದನ್ನು ಮರೆತು ಬಂದವರು ಬಾಗಿಲಿನಿಂದಲೇ ಹಿಂದಿರುಗಬೇಕಾಗುತ್ತದೆ. ದೌಲತಾಬಾದ್ ಕೋಟೆಯ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರುವುದು ಒಳ್ಳೆಯದು. ಬೇಸಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಕಪ್ಪು ಬಂಡೆ ಕಾಯುತ್ತದೆ, ಮೇಲೇರಿದಂತೆ ನೆರಳೇ ಸಿಗುವುದಿಲ್ಲ. ಮಳೆಗಾಲದ ನಡುವಿನಿಂದ ಫೆಬ್ರುವರಿವರೆಗಿನ ತಿಂಗಳುಗಳು ಚೆನ್ನ. ಹತ್ತಿ ಇಳಿಯಲು ಮೂರು ಗಂಟೆ ಇಟ್ಟುಕೊಳ್ಳಿ. ಹಿಡಿತವಿರುವ ಚಪ್ಪಲಿ ಅಥವಾ ಬೂಟು, ಕುಡಿಯುವ ನೀರು, ಒಂದು ಟಾರ್ಚ್ ಜತೆಗಿರಲಿ. ಮೊಣಕಾಲು ನೋವಿನವರು ಚಾಂದ್ ಮಿನಾರ್‌ವರೆಗಿನ ಸಮತಟ್ಟಾದ ಭಾಗವನ್ನಷ್ಟೇ ನೋಡಿದರೂ ಬಂದ ಶ್ರಮ ಸಾರ್ಥಕ.

ಕೋಟೆಯೊಳಗೆ ಬಂದವರಲ್ಲಿ ಬಹುಮಂದಿ ನೇರವಾಗಿ ಶಿಖರದ ಕಡೆ ಹೆಜ್ಜೆ ಹಾಕುತ್ತಾರೆ. ಅದಕ್ಕೆ ಮುಂಚೆ ಎಡಗಡೆಯ ಹಾಥಿ ಹೌದದ ಹತ್ತಿರ ನಿಲ್ಲಿ. ಸುಮಾರು 47 ಮೀಟರ್ ಉದ್ದ, ಅಷ್ಟೇ ಅಗಲ, ಆರು ಮೀಟರಿಗೂ ಮಿಕ್ಕಿದ ಆಳದ ಹೊಂಡ ಅದು. ಹತ್ತಿರದಲ್ಲೇ ಸರಸ್ವತಿ ಬಾವಡಿ ಎಂಬ ಮೆಟ್ಟಿಲು ಬಾವಿಯಿದೆ. ಕೋಟೆಯ ಹೊರಗಿನ ಗುಡ್ಡಗಳ ಕಣಿವೆಯಲ್ಲಿ ಕಟ್ಟೆ ಕಟ್ಟಿ ನಿಲ್ಲಿಸಿದ ನೀರು ಸುಟ್ಟ ಮಣ್ಣಿನ ಕೊಳವೆಗಳಲ್ಲಿ ಕೆಳಗಿನ ಊರಿಗೆ ಬರುತ್ತಿತ್ತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಸುಮಾರು 200 ಮೀಟರ್ ಎತ್ತರದ ಆ ಕಡಿದಾದ ಗುಡ್ಡದತ್ತ ನೋಡಿ. ಸುತ್ತಲ ಬಂಡೆಯನ್ನು ನೇರ ಗೋಡೆಯಂತೆ ಕೆತ್ತಿ ನುಣುಪು ಮಾಡಿದ್ದಾರೆ, ಬುಡದಲ್ಲಿ ಕಂದಕ ಕಡಿದಿದ್ದಾರೆ, ಮೇಲೇರಲು ಅಂಧೇರಿ ಎಂಬ ಕತ್ತಲ ಸುರಂಗದ ದಾರಿಯೊಂದನ್ನೇ ಬಿಟ್ಟಿದ್ದಾರೆ. ಶತ್ರುವಿನ ದೃಷ್ಟಿಯಿಂದ ಇದು ಬಹುಮಟ್ಟಿಗೆ ಅಭೇದ್ಯ. ಆದರೂ ಈ ಕೋಟೆ ಮತ್ತೆ ಮತ್ತೆ ಕೈ ಬದಲಾಯಿಸಿತು. 1296ರಲ್ಲಿ ಅಲ್ಲಾವುದ್ದೀನ್ ಖಿಲ್ಜಿ ಮುತ್ತಿಗೆ ಹಾಕಿದಾಗ ಸೇವುಣ ದೊರೆ ರಾಮಚಂದ್ರದೇವನ ಕಡೆಯವರು ಧಾನ್ಯವೆಂದು ಮೇಲೆ ಸಾಗಿಸಿದ್ದ ಮೂಟೆಗಳಲ್ಲಿ ಉಪ್ಪು ಇತ್ತು ಎಂದು ಹಳೆಯ ಚರಿತ್ರೆಕಾರರು ಬರೆದಿದ್ದಾರೆ. 1633ರಲ್ಲಿ ಮೊಗಲರ ಮಹಾಬತ್ ಖಾನ್ ಇದನ್ನು ಗೆದ್ದದ್ದು 1630–32ರ ಭೀಕರ ಬರದ ಬೆನ್ನಿಗೇ, ಒಳಗಿದ್ದವರ ಆಹಾರ ತೀರಿದ ಮೇಲೆ. ಬಂಡೆ ಸೋತಿದ್ದಲ್ಲ, ಹೊಟ್ಟೆ ಸೋತದ್ದು. ಮುತ್ತಿಗೆಯ ಕೆಲವು ತಿಂಗಳುಗಳನ್ನು ತಡೆದುಕೊಳ್ಳಲು ಬೆಟ್ಟ ಸಾಕು. ಲಕ್ಷ ಜನ ತಲೆಮಾರುಗಳ ಕಾಲ ಬದುಕಲು ಬೆಟ್ಟ ಸಾಲದು.

ದೌಲತಾಬಾದಿನ ಇತಿಹಾಸದಲ್ಲಿ ಎಲ್ಲರಿಗೂ ಗೊತ್ತಿರುವ ಪ್ರಸಂಗವನ್ನು ಈ ಬೆಳಕಿನಲ್ಲಿ ನೋಡಬಹುದು. 1327ರ ಹೊತ್ತಿಗೆ ಮುಹಮ್ಮದ್ ಬಿನ್ ತುಘಲಕ್ ದೆಹಲಿಯ ಗಣ್ಯರನ್ನು, ಸೂಫಿಗಳನ್ನು, ಅಧಿಕಾರಿಗಳನ್ನು ಇಲ್ಲಿಗೆ ಕರೆತಂದ. ಒಂದು ದಶಕ ತುಂಬುವ ಮೊದಲೇ ಅವರಲ್ಲಿ ಅನೇಕರು ಮರಳಿ ಹೋದರು. ಇದನ್ನು ಹುಚ್ಚು ದೊರೆಯ ಕಥೆ ಎಂದು ನಗುವುದು ವಾಡಿಕೆ. ಆದರೆ ಉತ್ತರ, ದಕ್ಷಿಣಗಳ ನಡುವೆ ರಾಜಧಾನಿ ಇರಲಿ ಎಂಬ ಯೋಚನೆ ಹುಚ್ಚಿನದಲ್ಲ. ಅಷ್ಟು ದೊಡ್ಡ ಜನಸಮೂಹವನ್ನು ಈ ಒಣ ಬಂಡೆಯ ನಾಡಿನಲ್ಲಿ ಸಾಕುವುದು ಸುಲಭವಿರಲಿಲ್ಲ ಎಂಬುದೂ ಸುಳ್ಳಲ್ಲ. ನೀರೊಂದೇ ಕಾರಣ ಎಂದು ಹೇಳಿದರೆ ಅದು ಅತಿಯಾಗುತ್ತದೆ. ದೆಹಲಿಯ ಗಡಿಯ ಭಯ, ದೂರದ ಪ್ರಾಂತಗಳ ದಂಗೆ, ಬಲವಂತದಿಂದ ಬಂದವರ ಅಸಮಾಧಾನ ಎಲ್ಲವೂ ಸೇರಿದ್ದವು. ಆ ವಲಸೆಯಲ್ಲಿ ಮಗುವಾಗಿ ಇಲ್ಲಿಗೆ ಬಂದು, ತಂದೆಯನ್ನು ಇಲ್ಲಿ ಕಳೆದುಕೊಂಡು, ದೆಹಲಿಗೆ ಮರಳಿ, ವೃದ್ಧಾಪ್ಯದಲ್ಲಿ ಕಲಬುರಗಿಗೆ ಬಂದು 1422ರಲ್ಲಿ ಅಲ್ಲೇ ಕಣ್ಣುಮುಚ್ಚಿದವರು ಬಂದೇ ನವಾಜರು. ದೌಲತಾಬಾದಿನಲ್ಲಿ ದಂಗೆಯೆದ್ದ ಅಮೀರರು ಪಟ್ಟಕ್ಕೇರಿಸಿದ ಹಸನ್ ಬಹಮನ್ ಷಾ ಕೂಡ ಇಷ್ಟು ಭದ್ರವಾದ ಕೋಟೆ ಕೈಯಲ್ಲಿದ್ದರೂ ರಾಜಧಾನಿಯನ್ನು ಕಲಬುರಗಿಗೆ ಒಯ್ದ. ಕೋಟೆಯೊಳಗಿನ ಚಾಂದ್ ಮಿನಾರ್ ಹದಿನೈದನೆಯ ಶತಮಾನದ ಬಹಮನಿಗಳ ಕಟ್ಟಡ. ಕಲಬುರಗಿಯ ಕೋಟೆಯನ್ನೂ ಬೀದರದ ಅರಮನೆಗಳನ್ನೂ ನೋಡಿದವರು ಇಲ್ಲಿ ನಿಂತರೆ ಮೂರು ಊರುಗಳೂ ಒಂದೇ ಚರಿತ್ರೆಯ ಅಧ್ಯಾಯಗಳೆಂದು ತಿಳಿಯುತ್ತದೆ.

ಮೇಲೆ ಹೋಗುವಾಗ ಚೀನಿ ಮಹಲ್ ಸಿಗುತ್ತದೆ. 1687ರಲ್ಲಿ ಗೋಲ್ಕೊಂಡ ಬಿದ್ದ ಮೇಲೆ ಅದರ ಕೊನೆಯ ಸುಲ್ತಾನ ಅಬುಲ್ ಹಸನ್ ತಾನಾಷಾನನ್ನು ಔರಂಗಜೇಬ ಸೆರೆಯಿಟ್ಟದ್ದು ಇಲ್ಲಿ. ಟಗರಿನ ತಲೆಯ ಆಕಾರವಿರುವ ಮೇಂಢಾ ತೋಪು ಫಿರಂಗಿ, ಶಿಖರದ ಹತ್ತಿರದ ಬಾರಾದರಿ ಇವು ಮುಂದಿನ ಆಕರ್ಷಣೆಗಳು. ಅಂಧೇರಿಯೊಳಗೆ ಬಾವಲಿಗಳಿವೆ, ಮೆಟ್ಟಿಲುಗಳು ಒಂದೊಂದೂ ಒಂದೊಂದು ಎತ್ತರ. ಮಕ್ಕಳ ಕೈ ಬಿಡಬೇಡಿ. ಕೆಳಗಿಳಿದು ಬಂದರೆ ಹೊರಗೆ ಹಂಗಾಮಿನಲ್ಲಿ ದೌಲತಾಬಾದಿನ ಸೀತಾಫಲ ಮಾರುತ್ತಿರುತ್ತಾರೆ. ಬಂಡೆನೆಲದಲ್ಲಿ ಕಡಿಮೆ ನೀರಿಗೆ ಬೆಳೆಯುವ ಹಣ್ಣು ಅದು, ತಿಂದು ನೋಡುವಂಥದ್ದು.

ದೌಲತಾಬಾದಿನಿಂದ ಎಲ್ಲೋರಕ್ಕೆ ಹೋಗುವ ಘಟ್ಟದ ಮೇಲೆ ಖುಲ್ದಾಬಾದ್ ಇದೆ. ಸೂಫಿ ಸಂತರಾದ ಬುರ್ಹಾನುದ್ದೀನ್ ಗರೀಬ್, ಜೈನುದ್ದೀನ್ ಶಿರಾಜಿಯವರ ದರ್ಗಾಗಳು, 1707ರಲ್ಲಿ ತೀರಿಕೊಂಡ ಔರಂಗಜೇಬನ ಸರಳವಾದ ಸಮಾಧಿ, ಮೊದಲ ನಿಜಾಮನ ಗೋರಿ, ಊರ ಅಂಚಿನಲ್ಲಿ ಮಲಿಕ್ ಅಂಬರನ ಗುಮ್ಮಟ ಇಲ್ಲಿವೆ. ಅದೇ ಊರಿನಲ್ಲಿ ಮಲಗಿದ ಭಂಗಿಯ ಹನುಮಂತನಿರುವ ಭದ್ರಾ ಮಾರುತಿ ಗುಡಿಗೂ ಭಕ್ತರು ಸಾಲುಗಟ್ಟಿ ಬರುತ್ತಾರೆ. ದರ್ಗಾಗಳಲ್ಲಿ ತಲೆಗೆ ವಸ್ತ್ರ ಹೊದ್ದುಕೊಳ್ಳಿ, ಕೇಳದೆ ಫೋಟೋ ತೆಗೆಯಬೇಡಿ. ಔರಂಗಜೇಬನ ಸಮಾಧಿ ಕೆಲವೊಮ್ಮೆ ರಾಜಕೀಯ ವಿವಾದಕ್ಕೆ ಸಿಕ್ಕಿ ಪೊಲೀಸ್ ಕಾವಲು ಬಿಗಿಯಾಗುತ್ತದೆ. ಅಂಥ ದಿನಗಳಲ್ಲಿ ಪ್ರವೇಶವಿದೆಯೇ ಎಂದು ವಿಚಾರಿಸಿಕೊಂಡು ಹೋಗುವುದು ಜಾಣತನ.

ಮಧ್ಯಾಹ್ನದ ನಂತರ ಎಲ್ಲೋರ. ಒಟ್ಟು 34 ಗುಹೆಗಳಲ್ಲಿ 1ರಿಂದ 12 ಬೌದ್ಧ, 13ರಿಂದ 29 ಹಿಂದೂ, 30ರಿಂದ 34 ಜೈನ. ಸಮಯ ಕಡಿಮೆಯಿದ್ದರೆ 16ನೆಯ ಸಂಖ್ಯೆಯ ಕೈಲಾಸ, 10ನೆಯ ವಿಶ್ವಕರ್ಮ, 32, 33ನೆಯ ಜೈನ ಗುಹೆಗಳನ್ನು ಆರಿಸಿಕೊಳ್ಳಿ. 33ನೆಯ ಗುಹೆ ಜಗನ್ನಾಥ ಸಭೆಯ ಕೆಲವು ಕಂಬಗಳ ಮೇಲೆ ಹಳಗನ್ನಡ ಅಕ್ಷರಗಳ ಸಣ್ಣ ಬರಹಗಳಿವೆ. ನೀರಿನ ಜಾಡು ಇಲ್ಲಿಯೂ ತಪ್ಪುವುದಿಲ್ಲ: ಮಳೆಗಾಲದಲ್ಲಿ 29ನೆಯ ಗುಹೆಯ ಪಕ್ಕದಲ್ಲಿ ಬೆಟ್ಟದ ಹೊಳೆ ಜಲಪಾತವಾಗಿ ಬೀಳುತ್ತದೆ, ಆ ಜಾಗಕ್ಕೆ ಸೀತೆಯ ಸ್ನಾನದ ಹೆಸರಿದೆ. ವೇರೂಳ ಊರಿನೊಳಗೆ ಹದಿನೆಂಟನೆಯ ಶತಮಾನದಲ್ಲಿ ಅಹಲ್ಯಾಬಾಯಿ ಹೋಳ್ಕರ್ ಜೀರ್ಣೋದ್ಧಾರ ಮಾಡಿಸಿದ ಘೃಷ್ಣೇಶ್ವರ ಗುಡಿಯಿದೆ. ಅದರಿಂದ ಸ್ವಲ್ಪ ದೂರದಲ್ಲಿ ಸುತ್ತಲೂ ಮೆಟ್ಟಿಲು, ಮೆಟ್ಟಿಲ ನಡುವೆ ಎಂಟು ಪುಟ್ಟ ಗುಡಿಗಳಿರುವ ಕೆಂಪು ಕಲ್ಲಿನ ಕುಂಡವಿದೆ. ಜ್ಯೋತಿರ್ಲಿಂಗದ ದರ್ಶನಕ್ಕೆ ಬರುವ ಬಹುಪಾಲು ಜನ ಈ ಕುಂಡವನ್ನು ನೋಡದೆ ಹೋಗುತ್ತಾರೆ.

ಎರಡನೆಯ ದಿನ: ನೆಲದಡಿಯ ನದಿ

ಎರಡನೆಯ ದಿನ ಇಡಿಯಾಗಿ ನಗರಕ್ಕೆ. ವಾಳೂಜಿನ ಬಜಾಜ್‌ನಗರ, ಪಂಢರಪುರ ಕಡೆಯಿಂದ ಛಾವಣಿ (ದಂಡು) ಪ್ರದೇಶ ದಾಟಿ ಊರೊಳಗೆ ಬರಲು ಬಸ್ಸು, ಶೇರ್ ಆಟೋ ಎರಡೂ ಸಿಗುತ್ತವೆ. ಆಷಾಢ ಏಕಾದಶಿಯಂದು ವಾಳೂಜಿನ ಈ ಪಂಢರಪುರದ ವಿಠ್ಠಲನ ದರ್ಶನಕ್ಕೆ ಭಾರೀ ಜನ ಸೇರುವುದರಿಂದ ಆ ದಿನ ರಸ್ತೆ ಕಷ್ಟ. ಊರಿನ ಹುಟ್ಟನ್ನು ಮೊದಲು ತಿಳಿದುಕೊಳ್ಳೋಣ. ಇಥಿಯೋಪಿಯಾದಿಂದ ಗುಲಾಮನಾಗಿ ಬಂದು, ಕೆಲಕಾಲ ಬಿಜಾಪುರದ ಸೇವೆಯಲ್ಲೂ ಇದ್ದು, ಕೊನೆಗೆ ಅಹ್ಮದ್‌ನಗರದ ನಿಜಾಮಶಾಹಿಯ ಆಧಾರಸ್ತಂಭವಾದ ಮಲಿಕ್ ಅಂಬರ್ 1610ರಲ್ಲಿ ಖಡಕಿ ಎಂಬ ಹಳ್ಳಿಯ ಜಾಗದಲ್ಲಿ ಈ ನಗರ ಕಟ್ಟಿಸಿದ. ದೌಲತಾಬಾದಿನ ಕೋಟೆ ಅವನ ಒಡೆಯರ ಕೈಯಲ್ಲೇ ಇತ್ತು. ಆದರೂ ಅವನು ಬೆಟ್ಟದಿಂದ ಇಳಿದು ಬಯಲಿಗೆ ಬಂದ. ಮೊಗಲರೊಡನೆ ಸದಾ ಯುದ್ಧದಲ್ಲಿದ್ದ ಸೇನಾಪತಿ ರಕ್ಷಣೆಯಿಲ್ಲದ ಬಯಲನ್ನು ಏಕೆ ಆರಿಸಿಕೊಂಡ? ಜಾಗ ವಿಶಾಲವಾಗಿತ್ತು, ವ್ಯಾಪಾರದ ದಾರಿಗಳು ಕೂಡುತ್ತಿದ್ದವು. ಇವು ಸಾಮಾನ್ಯವಾಗಿ ಕೊಡುವ ಉತ್ತರಗಳು. ಆದರೆ ಆ ಬಯಲಲ್ಲಿದ್ದದ್ದು ಮಳೆ ಕಳೆದರೆ ಸೊರಗುವ ಖಾಮ್ ಎಂಬ ಸಣ್ಣ ಹೊಳೆ. ಅದರ ಭರವಸೆಯ ಮೇಲೆ ರಾಜಧಾನಿ ಏಳುವುದಿಲ್ಲ. ಅಂಬರನ ನಿಜವಾದ ಉತ್ತರ ಉತ್ತರ ದಿಕ್ಕಿನ ಗುಡ್ಡಗಳ ಬುಡದಲ್ಲಿ, ನೆಲದ ಕೆಳಗೆ ಇತ್ತು.

ಹರಸೂಲ್ ಕಡೆಯ ಗುಡ್ಡಗಳಲ್ಲಿ ಇಂಗಿದ ಮಳೆನೀರನ್ನು ಹುಡುಕಿ, ನೆಲದಡಿಯ ಕಾಲುವೆಗಳಲ್ಲಿ ಕೂಡಿಸಿ, ಇಳಿಜಾರಿನ ಬಲದಿಂದಲೇ ಊರಿಗೆ ಹರಿಸಿದ ವ್ಯವಸ್ಥೆಗೆ ನಹರ್-ಎ-ಅಂಬರಿ ಎಂದು ಹೆಸರು. ಆಮೇಲೆ ಬಂದವರು ಇನ್ನೂ ಹಲವು ನಹರುಗಳನ್ನು ಸೇರಿಸಿದರು. ಎತ್ತುವ ಯಂತ್ರವಿಲ್ಲ, ಬಿಸಿಲಿಗೆ ಆವಿಯಾಗುವ ಭಯವಿಲ್ಲ, ಮುತ್ತಿಗೆ ಹಾಕಿದ ಶತ್ರುವಿನ ಕಣ್ಣಿಗೆ ಸುಲಭಕ್ಕೆ ಬೀಳುವುದೂ ಇಲ್ಲ. ಕಾಲುವೆ ಊರ ಹತ್ತಿರ ಬಂದಮೇಲೆ ನೀರು ಮುಚ್ಚಿದ ಮಣ್ಣಿನ ಕೊಳವೆಗಳಲ್ಲಿ ಸಾಗುತ್ತದೆ. ಗಾರೆ ಕೆಲಸದವರು ಮಟ್ಟ ನೋಡಲು ಹಿಡಿಯುವ ನೀರಿನ ಪೈಪಿನಂತೆ, ಕೊಳವೆಯ ಒಂದು ತುದಿ ಎತ್ತರದಲ್ಲಿದ್ದರೆ ಇನ್ನೊಂದು ತುದಿಯಲ್ಲೂ ನೀರು ಹೆಚ್ಚುಕಡಿಮೆ ಅದೇ ಎತ್ತರಕ್ಕೆ ಏರಲು ನೋಡುತ್ತದೆ. ದಾರಿಯುದ್ದಕ್ಕೂ ಅಲ್ಲಲ್ಲಿ ಕಟ್ಟಿದ ಇಟ್ಟಿಗೆ ಗಾರೆಯ ಗೋಪುರಗಳು ಒತ್ತಡ ತಗ್ಗಿಸಿ, ಗಾಳಿ ಹೊರಬಿಟ್ಟು, ಹೂಳು ತೆಗೆಯಲು ಅನುವು ಮಾಡುತ್ತಿದ್ದವು. ಅಂಥ ಗೋಪುರಗಳ ಅವಶೇಷಗಳು ಊರಿನ ಉತ್ತರ ಭಾಗದಲ್ಲಿ ಇನ್ನೂ ಕಾಣುತ್ತವೆ. ವಿಜಯಪುರದ ಬೀದಿಗಳಲ್ಲಿ ಒಂಟಿಯಾಗಿ ನಿಂತಿರುವ ಗಂಜ್ ಗೋಪುರಗಳನ್ನು ಕಂಡವರಿಗೆ ಇವುಗಳ ಗುರುತು ತಕ್ಷಣ ಸಿಗುತ್ತದೆ. ತೊರವಿಯಿಂದ ಬಿಜಾಪುರಕ್ಕೆ ನೀರು ತಂದದ್ದೂ ಇಂಥ ತಂತ್ರದಿಂದಲೇ. ಬೀದರದ ನೌಬಾದಿನಲ್ಲಿರುವ ಕರೇಜ್ ಎಂಬ ನೆಲದಡಿಯ ಕಾಲುವೆ ಅದಕ್ಕೂ ಹಳೆಯದು.

ಈ ತಿಳಿವಳಿಕೆ ಇಟ್ಟುಕೊಂಡು ನೀರು ಬಂದ ದಿಕ್ಕಿನಿಂದಲೇ, ಎಂದರೆ ಉತ್ತರದಿಂದ, ನಡಿಗೆ ಶುರುಮಾಡಿ. ಮೊದಲು ದಿಲ್ಲಿ ದರವಾಜೆ, ಅದರ ಬಳಿಯ ಸಲೀಂ ಅಲಿ ಸರೋವರ. ನಂತರ ಬೇಗಂಪುರದ ಬೀಬಿ ಕಾ ಮಕ್ಬರಾ. ಔರಂಗಜೇಬನ ಪತ್ನಿ, 1657ರಲ್ಲಿ ತೀರಿಕೊಂಡ ದಿಲ್‌ರಸ್ ಬಾನು ಬೇಗಂಳ ಸಮಾಧಿ ಇದು. ತಾಜ್‌ಮಹಲಿನ ಬಡ ನಕಲು ಎಂದು ಇದನ್ನು ತಳ್ಳಿಹಾಕುವುದು ರೂಢಿಯಾಗಿಬಿಟ್ಟಿದೆ. ತಾಜಿನೊಡನೆ ಅಳೆಯುವುದನ್ನು ಬಿಟ್ಟು ನೋಡಿ: ಬುಡದ ಭಾಗದಲ್ಲೂ ಗುಮ್ಮಟದಲ್ಲೂ ಅಮೃತಶಿಲೆ, ನಡುವೆ ಸ್ಥಳೀಯ ಕಪ್ಪು ಕಲ್ಲಿನ ಗೋಡೆಗೆ ಶಂಖದಂತೆ ಹೊಳೆಯುವ ಗಾರೆ. ಆ ಗಾರೆಯ ಹೂಬಳ್ಳಿಯ ಕುಸುರಿ ದಖ್ಖನಿನ ಕೈಗಳ ಕೆಲಸ. ಹೆಬ್ಬಾಗಿಲಿನ ಮೇಲೆ ವಾಸ್ತುಶಿಲ್ಪಿ ಅತಾಉಲ್ಲಾ, ಇಂಜಿನಿಯರ್ ಹಂಸ್‌ಪತ್ ರಾಯ್ ಎಂಬ ಎರಡು ಹೆಸರುಗಳಿವೆ. ಅತಾಉಲ್ಲಾ ತಾಜಿನ ಶಿಲ್ಪಿ ಉಸ್ತಾದ್ ಅಹ್ಮದ್ ಲಾಹೋರಿಯ ಮಗ. ಉದ್ಯಾನದ ನಡುಗಾಲುವೆ, ಕಾರಂಜಿಗಳ ಸಾಲು ಬರಿಯ ಅಲಂಕಾರವಲ್ಲ. ಬೆಟ್ಟದ ಬುಡದ ಆ ಜಾಗದಲ್ಲಿ ನೀರು ತನ್ನ ಒತ್ತಡದಿಂದಲೇ ಚಿಮ್ಮಬಲ್ಲದು ಎಂಬ ಭರವಸೆಯಿಂದ ಮಾಡಿದ ಯೋಜನೆ. ಬೆಳಗಿನ ಬಿಸಿಲು ಏರುವ ಮೊದಲು ಇಲ್ಲಿರುವುದು ಚೆನ್ನ.

ಅಲ್ಲಿಂದ ಪನ್‌ಚಕ್ಕಿಗೆ. ಬುಖಾರಾ ಕಡೆಯಿಂದ ಬಂದ ಸೂಫಿ ಬಾಬಾ ಷಾ ಮುಸಾಫಿರರ ದರ್ಗಾ ಇರುವ ಜಾಗ ಇದು. ಕಿಲೋಮೀಟರುಗಟ್ಟಲೆ ದೂರದ ಗುಡ್ಡದ ಸೆಲೆಯಿಂದ ಕೊಳವೆಯಲ್ಲಿ ಬಂದ ನೀರು ಎತ್ತರದ ಗೋಡೆಯೇರಿ, ಅಲ್ಲಿಂದ ಕೊಳಕ್ಕೆ ಧುಮುಕುತ್ತದೆ. ಆ ಬಲದಿಂದ ತಿರುಗುವ ಬೀಸುವ ಕಲ್ಲು ದರ್ಗಾಕ್ಕೆ ಬರುವ ಫಕೀರರಿಗೆ, ಯಾತ್ರಿಕರಿಗೆ ಹಿಟ್ಟು ಬೀಸುತ್ತಿತ್ತು. ಎದುರಿನ ಉದ್ದನೆಯ ಕೊಳದ ಕೆಳಗೇ ತಂಪಾದ ಸಭಾಂಗಣವಿದೆ. ಕೊಳ ತುಂಬಿದರೆ ಹೆಚ್ಚಿನ ನೀರು ಪಕ್ಕದ ಖಾಮ್ ಹೊಳೆಗೆ ಇಳಿಯುತ್ತದೆ. ಕುಡಿಯಲು, ಬೀಸಲು, ತಂಪಿಗೆ, ನೋಟಕ್ಕೆ ಎಂದು ಒಂದೇ ನೀರನ್ನು ನಾಲ್ಕು ಸಲ ಬಳಸಿದ ಲೆಕ್ಕಾಚಾರ ಇಲ್ಲಿ ಕಣ್ಣೆದುರೇ ಇದೆ. ಈ ಊರಿನಲ್ಲಿ ಒಂದೇ ಜಾಗ ನೋಡಲು ಸಮಯವಿರುವವರಿಗೆ ನಾನು ಸೂಚಿಸುವುದು ಪನ್‌ಚಕ್ಕಿಯನ್ನು. ಪಕ್ಕದಲ್ಲೇ ಮಹಮೂದ್ ದರವಾಜೆ, ಹೊಳೆಯ ಗುಂಟ ಮಕಾಯಿ ದರವಾಜೆ, ಬಾರಾಪುಲ್ಲಾ ದರವಾಜೆ. ಊರಿಗೆ 52 ದರವಾಜೆಗಳು ಎಂಬುದು ಜನಜನಿತ ಮಾತು; ಉಳಿದಿರುವುದು ಅದಕ್ಕಿಂತ ಬಹಳ ಕಡಿಮೆ. ಇವುಗಳಲ್ಲಿ ಹಳೆಯದು ಮೊಗಲರ ಮೇಲಿನ ಗೆಲುವಿನ ನೆನಪಿಗೆ 1612ರಲ್ಲಿ ಮಲಿಕ್ ಅಂಬರ್ ಕಟ್ಟಿಸಿದ ಭಡಕಲ್ ದರವಾಜೆ. ಕೋಟೆಗೋಡೆ ಮಾತ್ರ ಔರಂಗಜೇಬನ ಕಾಲದ್ದು, 1682ರ ಸುಮಾರಿನದು. ಈ ಅನುಕ್ರಮವನ್ನು ಗಮನಿಸಿ: ಊರಿಗೆ ನೀರು ಬಂದು ಹಲವು ದಶಕಗಳಾದ ಮೇಲೆ ಗೋಡೆ ಬಂತು.

ಭಡಕಲ್ ದರವಾಜೆಯಿಂದ ಜೂನಾ ಬಜಾರ್, ಸಿಟಿ ಚೌಕ್, ಗುಲ್‌ಮಂಡಿ, ಶಹಾಗಂಜ್, ಪೈಠಣ ದರವಾಜೆಯವರೆಗಿನ ಪೇಟೆಯನ್ನು ನಡೆದೇ ನೋಡಬೇಕು. ಮಲಿಕ್ ಅಂಬರನ ಕಾಲದ ಜಾಮಾ ಮಸೀದಿ, ರಾಜಾ ಬಜಾರದ ಸಂಸ್ಥಾನ ಗಣಪತಿ ಎರಡೂ ಈ ನಡಿಗೆಯ ಹಾದಿಯಲ್ಲೇ ಸಿಗುತ್ತವೆ. ಊಟಕ್ಕೆ ಈ ಊರಿನದೇ ಆದ ನಾನ್ ಖಲಿಯಾ ಇದೆ, ಮಾಂಸಾಹಾರಿಗಳು ತಪ್ಪಿಸಿಕೊಳ್ಳಬಾರದ ತಿನಿಸು. ಸಸ್ಯಾಹಾರಿಗಳಿಗೆ ಗುಲ್‌ಮಂಡಿ ಸುತ್ತ ಮರಾಠಿ, ಮಾರವಾಡಿ ಖಾನಾವಳಿಗಳಿವೆ. ರೇಷ್ಮೆ, ಹತ್ತಿ ಬೆರೆಸಿ ನೇಯುವ ಹಿಮ್ರೂ ಬಟ್ಟೆ ಕೊಳ್ಳುವವರು ಮಗ್ಗ ನಡೆಸುವ ಅಂಗಡಿಯಲ್ಲೇ ಕೊಳ್ಳಿ. ಕೈಮಗ್ಗದ ಹಿಮ್ರೂಗೂ ಯಂತ್ರದ ಅಚ್ಚಿಗೂ ಬೆಲೆಯಲ್ಲಿ ತುಂಬ ಅಂತರವಿದೆ. ನಮ್ಮ ಬೀದರದ ಬಿದರಿ ಕೆಲಸವೂ ಇಲ್ಲಿ ನೆಲೆಯೂರಿದೆ. ಕೇಂದ್ರ ಪುರಾತತ್ವ ಇಲಾಖೆಯ ತಾಣಗಳಲ್ಲಿ ಈಚಿನ ವರ್ಷಗಳಲ್ಲಿ ಭಾರತೀಯರಿಗೆ ಎಲ್ಲೋರಕ್ಕೆ 40 ರೂಪಾಯಿ, ದೌಲತಾಬಾದಿಗೂ ಮಕ್ಬರಾಕ್ಕೂ 25 ರೂಪಾಯಿ ಪ್ರವೇಶ ಶುಲ್ಕವಿದೆ. 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ.

ಆಕ್ಷೇಪಗಳು

ಇಷ್ಟು ಓದಿದವರಲ್ಲಿ ಹಲವರ ಮೊದಲ ಪ್ರಶ್ನೆ ಇದಾಗಿರಬಹುದು: ಸಂರಕ್ಷಿತ ಮಧ್ಯಕಾಲೀನ ನಗರವೆಂದರೆ ಯುರೋಪಿನಲ್ಲಿ ಇರುವಂಥದ್ದು, ಇಲ್ಲಿ ದರವಾಜೆಗೆ ಪೋಸ್ಟರ್ ಅಂಟಿಸಿದ್ದಾರೆ, ಹೊಳೆಯಲ್ಲಿ ಕೊಳಚೆ ಇದೆ, ನಹರು ಹಲವೆಡೆ ಕಟ್ಟಡಗಳ ಅಡಿಯಲ್ಲಿ ಮುಚ್ಚಿಹೋಗಿದೆ, ನೋಡುವುದೇನು? ಕೊರತೆಗಳು ನಿಜ, ಅವನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಯುರೋಪಿನ ಉದಾಹರಣೆಗಳನ್ನು ಸರಿಯಾಗಿ ಓದಬೇಕು. ಫ್ರಾನ್ಸಿನ ಕಾರ್ಕಸೋನ್ ಕೋಟೆಯೂರಿಗೆ 52 ಬುರುಜುಗಳಿವೆ. ಹತ್ತೊಂಬತ್ತನೆಯ ಶತಮಾನದ ನಡುವೆ ಅಲ್ಲಿನ ಸರ್ಕಾರವೇ ಆ ಕೋಟೆಯನ್ನು ಕೆಡವಲು ಹೊರಟಿತ್ತು. ಸ್ಥಳೀಯರು ಎದ್ದು ನಿಂತ ಮೇಲೆ 1853ರಿಂದ ವಯೊಲೆ-ಲ-ದ್ಯುಕ್ ಎಂಬ ವಾಸ್ತುಶಿಲ್ಪಿ ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದ. ಜರ್ಮನಿಯ ರೋಥೆನ್‌ಬುರ್ಗ್ 1945ರ ಮಾರ್ಚ್ ಕೊನೆಯಲ್ಲಿ ಬಾಂಬಿಗೆ ಸಿಕ್ಕಿತು. ಜಗತ್ತಿನ ಹಲವೆಡೆಯಿಂದ ಬಂದ ದೇಣಿಗೆಯಿಂದ ಅದರ ಗೋಡೆ ಮೇಲೆದ್ದಿತು, ದಾನಿಗಳ ಹೆಸರುಗಳು ಇಂದಿಗೂ ಆ ಗೋಡೆಯ ಮೇಲಿವೆ. ಸಂರಕ್ಷಣೆ ಕಾಲ ಕೊಡುವ ಕಾಣಿಕೆಯಲ್ಲ, ಜನ ಕೈಗೊಳ್ಳುವ ನಿರ್ಧಾರ. ಇಲ್ಲಿಯೂ ಆ ನಿರ್ಧಾರದ ಗುರುತುಗಳಿವೆ: ಸ್ಮಾರ್ಟ್ ಸಿಟಿ ಯೋಜನೆಯಡಿ ಕೆಲವು ದರವಾಜೆಗಳ ದುರಸ್ತಿ ನಡೆದಿದೆ, ಖಾಮ್ ಹೊಳೆಯ ದಡವನ್ನು ಚೊಕ್ಕಟ ಮಾಡುವ ಕೆಲಸವೂ ಶುರುವಾಗಿದೆ. ಪ್ರವಾಸಿಗರು ಎಲ್ಲೋರಕ್ಕೆ ಮಾತ್ರ ಹೋಗಿಬರುತ್ತಿದ್ದರೆ ಉಳಿದ ನಗರವನ್ನು ಉಳಿಸಲು ಆಡಳಿತಕ್ಕೆ ಕಾರಣವೇ ಇರುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಇವು ಗೆದ್ದವರ ಕಟ್ಟಡಗಳು, ಇಲ್ಲಿ ನಮಗೇನು ಎಂದು ಕೇಳುವವರಿದ್ದಾರೆ. ಯುದ್ಧ, ಲೂಟಿ, ಅವಮಾನಗಳ ನೆನಪನ್ನು ಅಳಿಸಬೇಕೆಂದು ನಾನು ಹೇಳುವುದಿಲ್ಲ. ದೌಲತಾಬಾದಿನ ಕೋಟೆಯೊಳಗೆ ಗುಡಿಯ ಕಂಬಗಳನ್ನು ಬಳಸಿ ಕಟ್ಟಿದ ಮಸೀದಿ 1948ರ ನಂತರ ಭಾರತಮಾತಾ ಮಂದಿರವಾಗಿದೆ. ಆ ಕಂಬಗಳ ಮುಂದೆ ನಿಂತವರಿಗೆ ಇತಿಹಾಸ ನೋವಿಲ್ಲದ್ದು ಎನಿಸಲಾರದು. ಆದರೆ ಅದೇ ಇತಿಹಾಸದಲ್ಲಿ ಆಫ್ರಿಕಾದ ಗುಲಾಮನೊಬ್ಬ ಮೊಗಲರನ್ನು ಜೀವಮಾನವಿಡೀ ತಡೆದು ನಿಲ್ಲಿಸಿದ. ವೇರೂಳದ ಮಾಲೋಜಿ ಭೋಸಲೆ, ಅವನ ಮಗ ಶಹಾಜಿ ನಿಜಾಮಶಾಹಿಯ ಸರದಾರರಾಗಿದ್ದರು. ಕಟ್ಟಿಸಿದವರ ಹೆಸರು ನೋಡಿದರೆ ಚರಿತ್ರೆ ಇಬ್ಭಾಗವಾಗಿ ಕಾಣುತ್ತದೆ. ನೀರು ಹರಿದ ದಾರಿ ನೋಡಿದರೆ ಹಾಗೆ ಕಾಣುವುದಿಲ್ಲ. ಸೇವುಣರ ಕೋಟೆಯ ಹೊಂಡ, ಅಂಬರನ ನಹರು, ಸೂಫಿಗಳ ಪನ್‌ಚಕ್ಕಿ, ಅಹಲ್ಯಾಬಾಯಿಯ ಕುಂಡ ಎಲ್ಲವೂ ಬರದ ನಾಡು ಕೇಳಿದ ಒಂದೇ ಪ್ರಶ್ನೆಗೆ ಕೊಟ್ಟ ಉತ್ತರಗಳು. ಅರಸರ ಸರಿತಪ್ಪುಗಳನ್ನು ತೂಗಲು ಗ್ರಂಥಗಳಿವೆ. ಸ್ಥಳಕ್ಕೆ ಹೋಗಿಯೇ ತಿಳಿಯಬೇಕಾದದ್ದು ಆ ಹೆಸರಿಲ್ಲದ ಕುಶಲಿಗರ ಲೆಕ್ಕಾಚಾರ.

ಕೊನೆಯದಾಗಿ, ಇದೆಲ್ಲ ಹಳೆಯ ಮಾತು, ಈಗ ಅಣೆಕಟ್ಟು, ಪಂಪುಗಳಿವೆ ಎನ್ನುವವರಿಗೆ ವಾಳೂಜೇ ಉತ್ತರ. ಇಂದು ಈ ನಗರವೂ ವಾಳೂಜಿನ ಕಾರ್ಖಾನೆಗಳೂ ನಂಬಿರುವುದು ಪೈಠಣದ ಬಳಿ ಗೋದಾವರಿಗೆ ಕಟ್ಟಿದ ಜಾಯಕವಾಡಿ ಜಲಾಶಯವನ್ನು. ನೀರು ಹತ್ತಾರು ಕಿ.ಮೀ. ದೂರದಿಂದ, ತಗ್ಗಿನಿಂದ ಎತ್ತರಕ್ಕೆ, ವಿದ್ಯುತ್ತಿನ ಬಲದಿಂದ ಬರಬೇಕು. ನಗರದ ಅನೇಕ ಬಡಾವಣೆಗಳಿಗೆ ನಲ್ಲಿ ನೀರು ಹಲವು ದಿನಗಳಿಗೊಮ್ಮೆ ಬರುತ್ತದೆ. 2016ರ ಬರದಲ್ಲಿ ಬಾಂಬೆ ಹೈಕೋರ್ಟಿನ ಇಲ್ಲಿಯ ಪೀಠ ಮದ್ಯ ತಯಾರಿಕಾ ಘಟಕಗಳ ನೀರನ್ನೇ ಕಡಿತ ಮಾಡಬೇಕಾಯಿತು. ನಹರುಗಳು ಇಂದಿನ ಲಕ್ಷಾಂತರ ಜನರಿಗೆ ಸಾಲುತ್ತವೆ ಎಂದು ಯಾರೂ ಹೇಳಲಾರರು; ಮಲಿಕ್ ಅಂಬರನ ಊರು ಇಷ್ಟು ದೊಡ್ಡದಿರಲಿಲ್ಲ. ಆದರೆ ಗುಡ್ಡದ ಬುಡದಲ್ಲಿ ಇಂಗುವ ನೀರನ್ನು ಕಾಪಾಡಿಕೊಂಡು ಅದಕ್ಕೆ ತಕ್ಕಂತೆ ಊರು ಬೆಳೆಸಬೇಕೆಂಬ ತತ್ವ ಹಳತಾಗಿಲ್ಲ. ಯುರೋಪಿನ ಯಾವ ಹಳೆಯ ನಗರಕ್ಕೆ ಹೋದರೂ ದಖ್ಖನಿನ ಬರದ ನಾಡಿನವರಾದ ನಮಗೆ ಈ ಪಾಠ ಇಷ್ಟು ನೇರವಾಗಿ ಸಿಗುವುದಿಲ್ಲ.

ಆದ್ದರಿಂದ ಮುಂದಿನ ಸಲ ಎಲ್ಲೋರದ ಟಿಕೆಟ್ ಮಾಡಿಸುವಾಗ ಇನ್ನೊಂದು ದಿನವನ್ನು ಊರಿಗೆಂದು ತೆಗೆದಿಡಿ, ಉತ್ತರದಿಂದ ಆರಂಭಿಸಿ ಪೈಠಣ ದರವಾಜೆಯವರೆಗೆ ನಡೆಯಿರಿ. ಮಾರ್ಗದರ್ಶಿಗಳು ದೊರೆಗಳ ಕಥೆ ಹೇಳಲು ಶುರುಮಾಡಿದರೆ ನೀರು ಎಲ್ಲಿಂದ ಬರುತ್ತಿತ್ತು ಎಂದು ಕೇಳಿ. ಕೇಳುವವರು ಹೆಚ್ಚಿದಂತೆ ಹೇಳುವವರೂ ಕಲಿಯುತ್ತಾರೆ, ಮುಚ್ಚಿಹೋಗುತ್ತಿರುವ ಕಾಲುವೆಗಳ ಬಗ್ಗೆ ಊರವರ ಗಮನವೂ ಹರಿಯುತ್ತದೆ. ಊರಿಗೆ ಮರಳಿದ ಮೇಲೆ ವಿಜಯಪುರದ ಬೇಗಂ ತಲಾಬ್, ತಾಜ್ ಬಾವಡಿಗಳಿಗೆ, ಬೀದರದ ಕರೇಜಿಗೆ ಇದೇ ಪ್ರಶ್ನೆಯೊಡನೆ ಹೋಗಿ. ಗೋಲಗುಂಬಜಿನ ಪಿಸುಮಾತಿನ ಮೊಗಸಾಲೆಯಷ್ಟೇ ಮಹತ್ವ ಗಂಜ್ ಗೋಪುರಗಳಿಗೂ ಇದೆಯೆಂದು ಪ್ರವಾಸಿಗರು ತೋರಿಸಿಕೊಟ್ಟರೆ, ಅವನ್ನು ಉಳಿಸುವ ಹೊಣೆಯನ್ನು ನಮ್ಮ ಊರುಗಳೂ ಹೊರುತ್ತವೆ.